ಜೋಗುಳದ ಗೊಂಬೆ

ಅಮ್ಮನ ದನಿಯಲ್ಲೇ ಜೋಗುಳ ಹಾಡಿ ಮಲಗಿಸುವ ಗೊಂಬೆಯನ್ನು ಶಾರ್ವರಿ ಮೂರನೆಯ ಸಲ ತಿದ್ದಿ ತಂದಿದ್ದಳು. ಮಗು ಅದನ್ನೂ ಎಸೆದು ಕಿರುಚಿತು.

“ನಾನೇ ಹಾಡಿದ್ರೂ ಮಲಗಲ್ಲ ಮೇಡಂ. ಇವಳಪ್ಪ ತೀರಿಹೋದಾಗಿಂದ ಹೀಗೇ,” ಎಂದಳು ತಾಯಿ. ಅವಳ ಕಣ್ಣು ಗುಳಿಬಿದ್ದಿತ್ತು. “ಏನಾದ್ರೂ ಮಾಡಿ, ಕೈಮುಗೀತೀನಿ.”

ದಿಕ್ಕು ತೋಚದೆ ಶಾರ್ವರಿ, ಆತ ಬದುಕಿದ್ದಾಗ ಇದೇ ತಾಯಿಯಿಂದ ಹಾಡಿಸಿ ಮುದ್ರಿಸಿಕೊಂಡಿದ್ದ ಮೂಲ ಜೋಗುಳವನ್ನು ಮೊಬೈಲಿನಲ್ಲಿ ಹಾಕಿದಳು. ಎರಡನೇ ಸಾಲಿಗೇ ಮಗುವಿನ ರೆಪ್ಪೆ ಮುಚ್ಚಿತು.

ಶಾರ್ವರಿ ಹಣೆ ಚಚ್ಚಿಕೊಂಡಳು. “ಹಾಡು ಮುಟ್ಟೇ ಇಲ್ಲ ನಾನು! ಮಗೂನ ತಟ್ಟುವಾಗ ಬರ್ತಿದ್ದ ಬಳೆ ಸದ್ದು ಅಡ್ಡ ಅಂತ, ಅದೊಂದನ್ನೇ ತೆಗೆಸಿದ್ದೆ.”

ತಾಯಿ ಬೋಳು ಮುಂಗೈಗಳನ್ನು ಚಾಚಿದಳು.

“ನಮ್ಮನೇಲೂ ಅದನ್ನೇ ತೆಗೆಸಿದ್ರು, ಮೇಡಂ.”