ಎದುರುಮನೆಯ ಕಣ್ಣು

ಗೃಹಪ್ರವೇಶವಾಗಿ ಇನ್ನೂ ವಾರ ಕಳೆದಿರಲಿಲ್ಲ. ಸಂಜೆಯ ಬಿರುಗಾಳಿಗೆ ಹೊಸ ಮನೆಯ ಇಳಿಜಾರು ಚಾವಣಿಯ ಒಂದು ಮೂಲೆಯಲ್ಲಿ ಹೆಂಚಿನ ಬದಲು ಹೊದಿಸಿದ್ದ ಶಿಂಗಲ್ಸ್ ಹಾಳೆಗಳು ಕಿತ್ತುಹೋದವು. ಮನೆಯ ಯಜಮಾನ ನೇರವಾಗಿ ಎದುರಿನ ತಗಡಿನ ಮನೆಯ ಬಾಗಿಲಿಗೆ ಬಂದು ನಿಂತ.

"ಎಂಥಾ ಹಾಳು ಕಣ್ಣಮ್ಮ ನಿಂದು! ಪಾಯ ತೆಗೆದ ದಿನದಿಂದ ನುಂಗೋ ಹಾಗೆ ನೋಡ್ತಾ ಇದ್ದೆ. ಈಗ ಹೊಟ್ಟೆ ತಣ್ಣಗಾಯ್ತಾ?"

ಸಾಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಗಾಳಿ ಬೀಸ್ತು ಸ್ವಾಮಿ."

"ಗಾಳಿಯಂತೆ ಗಾಳಿ! ನಿನ್ನ ತಗಡಿಗೆ ಯಾಕೆ ತಾಗಲಿಲ್ಲ? ನಿನ್ನಂಥೋರ ಕಣ್ಣು ಬೀಳುತ್ತೆ ಅಂತಾನೇ ಆಳೆತ್ತರದ ದೃಷ್ಟಿಬೊಂಬೆ ಮಾಡಿಸಿ, ನಿನ್ನ ಮನೆ ಕಡೆಗೇ ಮುಖ ಮಾಡಿ ಚಾವಣಿ ಮೇಲೆ ನಿಲ್ಲಿಸಿದ್ದೆ. ಅದನ್ನೂ ನುಂಗಿಬಿಟ್ಟೆಯಲ್ಲ!"

"ನಿಮ್ಮ ಬೊಂಬೆ ತಿನ್ನೋವಷ್ಟು ಹಸಿವಿಲ್ಲ ನಂಗೆ. ಹಾರಿ ಬಂದು ನಮ್ಮ ಹಿತ್ತಲಲ್ಲಿ ಬಿದ್ದಿದೆ, ಎತ್ಕೊಂಡು ಹೋಗಿ."

ಅವನು ಬುಸುಗುಡುತ್ತ ಹಿತ್ತಲಿಗೆ ನಡೆದ. ನಾಲಗೆ ಚಾಚಿದ ಬೊಂಬೆ ಬಾಳೆಗಿಡದ ಬುಡದಲ್ಲಿ ಅಂಗಾತ ಬಿದ್ದಿತ್ತು. ಅದನ್ನು ಗಟ್ಟಿಯಾಗಿ ನಿಲ್ಲಿಸಲೆಂದು ಕಾಲಡಿಯ ಹಲಗೆಗೆ ಅವನೇ ಹೊಡೆಸಿದ್ದ ಉದ್ದನೆಯ ಮೊಳೆಗಳಲ್ಲಿ, ಆ ಮೂಲೆಯ ಶಿಂಗಲ್ಸ್ ಅಷ್ಟೂ ಇನ್ನೂ ಭದ್ರವಾಗಿ ಕಚ್ಚಿಕೊಂಡಿದ್ದವು.