ಮೇಲಿನ ಗದ್ದೆಯ ಕಾಡುನೆಲ್ಲು

ಈಗಲೂ ತೆನೆಯ ಉದ್ದ ಮೀಸೆ ಅಂಗೈಗೆ ಚುಚ್ಚಿದರೆ ಚನ್ನರಾಯನದುರ್ಗದ ಕೆರೆ ಕೆಳಗಿನ ಆ ಮಧ್ಯಾಹ್ನ ನೆನಪಾಗಿ ಮೈ ಉರಿಯುತ್ತದೆ.

ಸ್ಕೂಲು ಬಿಟ್ಟು ಆಗಲೇ ನಾನು ದೊಡ್ಡವರ ಸಮಕ್ಕೆ ಗೇಯುತ್ತಿದ್ದೆ. ಮೇಲಿನ ಗದ್ದೆ ದೊಡ್ಡಪ್ಪನದು. ಅಲ್ಲಿ ಕಳೆಯಾಗಿ ಬೆಳೆದು ಉದುರಿದ ಕಾಡುನೆಲ್ಲು ವರ್ಷವರ್ಷವೂ ನೀರಿನ ಜೊತೆ ನಮ್ಮ ಗದ್ದೆಗೆ ಇಳಿಯುತ್ತಿತ್ತು. ಪೈರಿನಲ್ಲಿ ಅದಕ್ಕೂ ನಾವು ಬಿತ್ತಿದ ನೆಲ್ಲಿಗೂ ಒಂದೇ ಹಸಿರು, ಗುರುತು ಸಿಗದು. ಅದಕ್ಕೇ ಆ ವರ್ಷ ಅಮ್ಮ ಕಪ್ಪು ಗರಿಯ ನೆಲ್ಲು ಬಿತ್ತಿ, ಹಸಿರಾಗಿ ಕಂಡದ್ದನ್ನೆಲ್ಲ ಕೀಳಿಸಿದ್ದಳು. ಕಾಡುನೆಲ್ಲಿನ ಇನ್ನೊಂದು ಕಾಳು ಕೆಸರಿಗೆ ಬಿದ್ದರೂ ಅಷ್ಟೂ ಗೇಮೆ ವ್ಯರ್ಥ.

ದೊಡ್ಡಪ್ಪ ಗುದ್ದಲಿ ಹಿಡಿದು ಬಂದ. "ನನ್ ಗದ್ದೆ ಕೊಳಕು ಅಂತ ಊರಿಗೆಲ್ಲಾ ತೋರ್ಸಕ್ಕೆ ಕರಿ ನೆಲ್ಲು ಬಿತ್ತಿದ್ದೀಯೇನಮ್ಮಿ?"

ಅಮ್ಮ ಅವನ ಗದ್ದೆಯಿಂದಲೇ ಕಾಡುನೆಲ್ಲಿನ ಒಂದು ತೆನೆ ಮುರಿದು ಅವನ ಕೈಗೆ ತಟ್ಟಿದಳು. ಕಾಳೆಲ್ಲ ಉದುರಿದವು. "ನೋಡ್ಕೊ ಭಾವ, ನಿನ್ ಬೆಳೆ. ಮೀಸೆ ಮಾತ್ರ ಉದ್ದ, ಒಂದು ಕಾಳೂ ನಿಲ್ಲಲ್ಲ."

ಅವನು ನಡುವಿನ ಬದು ಒಡೆದೇಬಿಟ್ಟ. ಮೀಸೆಕಾಳು ತೇಲಿಸಿಕೊಂಡು ನೀರು ನುಗ್ಗಿತು. ಅಮ್ಮ ಓಡಿಹೋಗಿ ಆ ಕಂಡಿಯಲ್ಲೇ ಕೂತು ನನ್ನ ಕಡೆ ಕೂಗಿದಳು. "ಲೇ, ನನ್ ಮುಖ ಏನ್ ನೋಡ್ತೀಯಾ? ಮಣ್ಣು ಹಾಕ್ಲಾ!"

ದೊಡ್ಡಪ್ಪ ಗುದ್ದಲಿ ಎತ್ತಿಕೊಂಡೇ ನಿಂತಿದ್ದ. ನಾನು ಅವನ ಕಡೆ ನೋಡದೆ, ಅಮ್ಮನ ಸೊಂಟ ಮುಚ್ಚುವವರೆಗೂ ಬರಿಗೈಯಲ್ಲಿ ಮಣ್ಣು ಹಾಕಿದೆ.