ಅಡುಗೆಮನೆಯ ನೆಲಪಾರಿವಾಳ

ಬಿಸಿನೀರಿಗೆ ಬಿದ್ದ ನವಣೆ ಹಿಟ್ಟಿನ ವಾಸನೆ ಬಂದರೆ ಇಂದಿಗೂ ನನಗೆ ಎಪ್ಪತ್ತರ ದಶಕದ ಸ್ಯಾನ್ ಡಿಯಾಗೋದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಅಲ್ಲಿನ ಪಕ್ಷಿಧಾಮವೊಂದರಲ್ಲಿ ಹಕ್ಕಿಗಳ ಡಾಕ್ಟರಾಗಿದ್ದಳು. ಆಂಡಿಸ್ ಪರ್ವತದ ಎತ್ತರದ ಹುಲ್ಲುಗಾವಲಿನ ಪುಟ್ಟ ನೆಲಪಾರಿವಾಳಗಳು ಅಲ್ಲಿದ್ದವು. ಅವುಗಳಲ್ಲೊಂದು ತನ್ನ ಮರಿಯನ್ನು ತೊರೆದಾಗ, ಅದು ಉಳಿಯುವುದಿಲ್ಲ ಎಂದೇ ಎಲ್ಲರೂ ಹೇಳಿದರು. ಅಮ್ಮ ಅದನ್ನು ಮನೆಗೆ ತಂದು, ಅಡುಗೆಮನೆಯಲ್ಲಿಟ್ಟು, ಹನಿಹನಿಯಾಗಿ ನವಣೆಯ ಗಂಜಿ ಕುಡಿಸಿ ಸಾಕಿದಳು.

"ನಿನ್ನೂ ಇಷ್ಟ ಕಾಳಜಿಲೆ ಸಾಕಿಲ್ಲ ನೋಡು ಇಕಿ" ಎಂದು ಧಾರವಾಡದಿಂದ ಬಂದಿದ್ದ ಅಜ್ಜಿ ನನ್ನನ್ನು ಕೆಣಕುತ್ತಿದ್ದಳು.

ಮರಿಯನ್ನು ದೊಡ್ಡ ಪಂಜರಕ್ಕೆ ಬಿಡುವ ದಿನ ನಾನೂ ಅಜ್ಜಿಯೂ ಹೋದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬೊಗಸೆ ತೆರೆದಳು. ಮರಿ ಕದಲಲಿಲ್ಲ. ನೋಡಲು ನೆರೆದವರೆಲ್ಲ ಕತ್ತು ಚಾಚಿ ಹತ್ತಿರ ಬಂದರು.

"ಹೋಗವ್ವಾ, ನಿನ್ನ ರೆಕ್ಕಿ ಗಟ್ಟಿ ಅದಾವ" ಎಂದಳು ಅಮ್ಮ, ಮೆಲ್ಲಗೆ.

ಅದು ಪಟಪಟನೆ ಸದ್ದು ಮಾಡುತ್ತ ಹಾರಿ, ರೆಕ್ಕೆಯ ಮೇಲೆ ಹೊಂಬಣ್ಣದ ಚುಕ್ಕೆಗಳಿದ್ದ ತನ್ನದೇ ಜಾತಿಯ ದೊಡ್ಡ ಹಕ್ಕಿಗಳ ನಡುವೆ ಬಂಡೆಯ ಮೇಲೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದನ್ನು ಸಾಕಿದ್ದು ಯಾರು?" ಎಂದು ಮುದುಕನೊಬ್ಬ ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮಮ್ಮ!" ಎಂದು ನಾನು ಕನ್ನಡದಲ್ಲೇ ಕೂಗಿದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೂ ಗಟ್ಟಿಯಾಗಿ ಮತ್ತೆ ಅದನ್ನೇ ಕೂಗಿದೆ.